ಡೊಂಕು ನೆಲದ ಆಟ

ಊರಿಗಾಂನ ನಮ್ಮ ಹಳೇ ಫುಟ್‌ಬಾಲ್ ಗ್ರೌಂಡು ಎಂದೂ ಸಮವಾಗಿರಲಿಲ್ಲ. ಚಿನ್ನದ ಗಣಿಯಿಂದ ಎತ್ತಿ ಸುರಿದ ಕಲ್ಲುಮಣ್ಣಿನ ಮೇಲೆ, ಶಿಫ್ಟ್ ಮುಗಿಸಿ ಬಂದ ಕೆಲಸಗಾರರೇ ಸಲಿಕೆ ಹಿಡಿದು ಮಾಡಿಕೊಂಡದ್ದು. ಮಣ್ಣು ಸಾಲಲಿಲ್ಲವೋ, ಅವರ ಉಸಿರು ಸಾಲಲಿಲ್ಲವೋ, ನೆಲ ರೈಲು ಹಳಿಯ ಕಡೆಗೆ ವಾಲಿಕೊಂಡೇ ಉಳಿಯಿತು. ಕ್ಲಬ್ಬು ಹುಟ್ಟಿದ್ದೂ ಆ ಸಲಿಕೆಗಳ ಜೊತೆಗೇ. ಆಮೇಲೆ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಗಣಿಗೆ ಬಂದ ನನ್ನಪ್ಪ ಅದರ ಗೋಲ್‌ಕೀಪರ್ ಆದ. ಗಣಿ ಮುಚ್ಚಿತು, ಕ್ಲಬ್ಬು ಮುಚ್ಚಲಿಲ್ಲ. ಅಪ್ಪ ಆಟ ಬಿಟ್ಟ ಮೇಲೆ ನಾನು ಸೇರಿದೆ, ಗೋಲು ಹೊಡೆಯುವ ಜಾಗಕ್ಕೆ. ಚೆಂಡು ಕೇಳುವುದು ತಮಿಳಿನಲ್ಲಿ, ಬೈಯುವುದು ತೆಲುಗಿನಲ್ಲಿ, ಸೋತ ಮೇಲೆ ಜಗಳ ಕನ್ನಡದಲ್ಲಿ. ನಮ್ಮ ತಂಡದ ಶಿಸ್ತು ಅಷ್ಟೇ.

ಟಾಸ್ ಗೆದ್ದರೆ ನಾವು ಕೇಳುತ್ತಿದ್ದದ್ದು ಒಂದೇ: ಎರಡನೇ ಅರ್ಧದಲ್ಲಿ ಹಳಿ ನಮ್ಮ ಎಡಕ್ಕಿರಬೇಕು. ಆಗ ಉರುಳಿಸಿದ ಚೆಂಡು ತಾನಾಗಿಯೇ ಎಡಕ್ಕೆ ತಿರುಗುತ್ತಿತ್ತು. ಬಲಗಂಬದಿಂದ ಎರಡು ಮೊಳ ಹೊರಗೆ ಗುರಿಯಿಟ್ಟರೆ ಗೋಲು. ಹೊರಗಿನ ತಂಡದವರು ಇದನ್ನು ಕಲಿಯುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಅದನ್ನು ನಾನು ನನ್ನ ಜಾಣತನ ಅಂದುಕೊಂಡಿದ್ದೆ.

ವಾಲಿದ ನೆಲದಲ್ಲಿ ಇನ್ನು ಪಂದ್ಯ ನಡೆಸುವಂತಿಲ್ಲ ಎಂದು ಫುಟ್‌ಬಾಲ್ ಸಂಘದ ಮೇಲಿನವರು ಹೇಳಿದಾಗ, ಗೋಲು ಕಂಬಗಳನ್ನೂ ಕಿತ್ತುಕೊಂಡು ಬಂಗಾರಪೇಟೆ ಕಡೆಯ ಹೊಸ ಸ್ಟೇಡಿಯಂಗೆ ಹೋದೆವು. ನನಗಾಗಲೇ ನಲವತ್ತರ ಹತ್ತಿರ.

“ಅಣ್ಣಾ, ಒಸ ಗ್ರೌಂಡಾಗೆ ಒಂದ್ ಮ್ಯಾಚ್ ಆಡು. ಆಮೇಲೆ ನಿನ್ ಜಾಗದ ಮಾತು ನೋಡಾನ,” ಅಂದ ನಮ್ಮ ಕ್ಯಾಪ್ಟನ್.

ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಚಡ್ಡಿ ಹಾಕಿಕೊಳ್ಳಲು ಬರುವ ಮೊದಲೇ ಆ ಜೆರ್ಸಿ ಹಾಕಿದವನು ನಾನು. ಆ ಜಾಗ ಬಿಡುವ ಮನಸ್ಸು ನನಗೆ ಚೂರೂ ಇರಲಿಲ್ಲ.

ಹೊಸ ನೆಲ ದೋಸೆ ಕಾವಲಿಯಷ್ಟು ಸಮ. ಮೊದಮೊದಲು ಎಲ್ಲರ ಚೆಂಡೂ ಎಲ್ಲೆಲ್ಲೋ ಹೋಯಿತು, ಗ್ಯಾಲರಿಯವರು ನಕ್ಕರು. ಹುಡುಗರು ಬೇಗ ಸರಿಮಾಡಿಕೊಂಡರು. ಒಂದು ಗೋಲಿನಿಂದ ಹಿಂದಿದ್ದೆವು. ಇನ್ನೇನು ಆಟ ಮುಗಿಯಬೇಕು, ಅಷ್ಟರಲ್ಲಿ ಅವರ ಗೋಲ್‌ಕೀಪರ್ ಎಡಗಂಬದ ಬಳಿ ಜಾರಿಬಿದ್ದ. ಬಲಗಡೆ ಪೂರ್ತಿ ಖಾಲಿ, ಚೆಂಡು ನನ್ನ ಕಾಲಲ್ಲಿ. “ಅಡಿ ಅಣ್ಣಾ, ಅಡಿ,” ಹೊಡಿ ಎಂದು ಹಿಂದಿನಿಂದ ತಮಿಳಿನಲ್ಲಿ ಕೂಗಿದರು. ಹೊಡೆದೆ. ಚೆಂಡು ನಾನು ಕಳಿಸಿದ ಕಡೆಗೇ ನೆಟ್ಟಗೆ ಹೋಯಿತು. ಬಲಗಂಬದಿಂದ ಎರಡು ಮೊಳ ಹೊರಗೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೆಲ ಸಮವಾಗಿದೆ ಎಂದು ದೂರಿದವನು ನಾನೊಬ್ಬನೇ ಇರಬೇಕು. ಮುಂದಿನ ಪಂದ್ಯದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕ್ಯಾಪ್ಟನ್ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ದುಃಖವೇ ಆಯಿತು.

ಗಣಿಯ ಧೂಳು ಕುಡಿದ ಎದೆ ಅಪ್ಪನದು. ಬಂಗಾರಪೇಟೆಗೆ ಬರಲು ಅವನಿಗೆ ಆಗಿರಲಿಲ್ಲ. ಪಟ್ಟಿ ಬಂದ ದಿನ ಮನೆಯಲ್ಲಿ, ಹೇಗೆ ಹೊಡೆದೆ, ಎಲ್ಲಿಂದ ಹೊಡೆದೆ ಎಂದು ಬಿಡಿಸಿ ಬಿಡಿಸಿ ಕೇಳಿದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡ.

“ಬಾಲ್ ತಕ್ಕೊಂಡ್ ಬಾ.”

ಹಳೇ ಗ್ರೌಂಡಿನಲ್ಲಿ ಕಂಬ ಕಿತ್ತ ಗುಂಡಿಗಳಷ್ಟೇ ಉಳಿದಿದ್ದವು. ಅಪ್ಪ ದಾರಿಯಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡು, ಆ ಗುಂಡಿಗಳ ನಡುವೆ ಹೋಗಿ, ನನಗೆ ಬಲಕ್ಕಿದ್ದ ಗುಂಡಿಯ ಪಕ್ಕದಲ್ಲಿ ನಿಂತ.

“ಅಲ್ಲಿ ಒಡ್ದಂಗೇ ಒಡಿಲಾ. ಒಂಚೂರೂ ಬದಲಾಯಿಸ್ಬ್ಯಾಡ.”

ಹೊಡೆದೆ. ಚೆಂಡು ಹೊರಗೇ ಹೊರಟಿತು. ಸ್ವಲ್ಪ ದೂರ ಹಾಗೇ ಹೋಗಿ, ನಿಧಾನವಾಗಿ ಹಳಿಯ ಕಡೆ ತಿರುಗಿ, ಗುಂಡಿಯ ಒಳಬದಿಗೆ ಬಂತು. ಅಪ್ಪ ಓಡಲಿಲ್ಲ, ಬಗ್ಗಲೂ ಇಲ್ಲ. ಅದು ಬರುವ ಜಾಗದಲ್ಲಿ ಮೊದಲೇ ನಿಂತಿದ್ದ. ಕಾಲು ಚಾಚಿ ನಿಲ್ಲಿಸಿದ.

“ನಾನಿಲ್ದಿದ್ರೆ ಗೋಲೇ ಕಣ್ಲಾ,” ಅಂದ.