ಸವತಿ ಮಾತ್ರೆ

ನಮ್ಮ ಬೀದಿಯ ಕಟಿಂಗ್ ಶಾಪಿನವನಿಗೆ ಮೂವತ್ತು ತುಂಬುವ ಮೊದಲೇ ನೆತ್ತಿ ಬಯಲಾಯಿತು. ಕುರ್ಚಿಯಲ್ಲಿ ಕೂತವರು ಕನ್ನಡಿಯಲ್ಲಿ ತಮ್ಮ ತಲೆ ಬಿಟ್ಟು ಅವನ ತಲೆ ನೋಡುತ್ತಿದ್ದರು.

"ನಿಂದೇ ಉಳಿಸ್ಕೊಳ್ಳೋಕಾಗಿಲ್ಲ, ನಮ್ದೇನು ನೋಡ್ಕೋತೀಯೋ ಮಾರಾಯ?"

ಚರ್ಮದ ಡಾಕ್ಟರು ಮಾತ್ರೆ ಬರೆದರು. ಕೂದಲು ಉದುರುವುದು ನಿಂತಿತು. ಹಾಸಿಗೆಯಲ್ಲಿ ನಿಲ್ಲಬೇಕಾದದ್ದು ನಿಲ್ಲಲಿಲ್ಲ. ಹೆದರಿ ಮಾತ್ರೆ ಬಿಟ್ಟ. ತಿಂಗಳುಗಟ್ಟಲೆ ಕಾದ. ಊಹೂಂ.

ಹೆಂಡತಿಗೆ ಹೇಳಲು ನಾಚಿಕೆ. ಗೋಡೆಗೆ ಮುಖ ಮಾಡಿ ಮಲಗತೊಡಗಿದ. ಅವಳು ಅಂಗಿ ಮೂಸತೊಡಗಿದಳು. ಕ್ಷೌರದವನ ಅಂಗಿ! ದಿನಕ್ಕೊಂದು ಪೌಡರು, ಹತ್ತು ಜನರ ಸೆಂಟು. ಒಂದು ದಿನ ಕಾಲರಿನಲ್ಲಿ ಮೊಳದುದ್ದದ ಕೂದಲೂ ಸಿಕ್ಕಿತು.

"ಗಂಡಸ್ರೂ ಉದ್ದ ಬಿಡ್ತಾರೆ ಕಣೇ ಈಗ."

"ಬಿಡ್ತಾರೆ, ಬಿಡ್ತಾರೆ. ರೈಲು ಬಿಡ್ತಾರೆ."

ಮರುದಿನ ಅಂಗಡಿಗೆ ಊಟದ ಡಬ್ಬಿ ತಂದವಳಿಗೆ ಪರದೆಯ ಹಿಂದಿನಿಂದ ಅವನ ಫೋನಿನ ಮಾತು ಕೇಳಿಸಿತು: "ಅದನ್ನ ಬಿಟ್ಟು ಎಷ್ಟೋ ತಿಂಗಳಾಯ್ತು ಸಾರ್. ಅದು ನನ್ನ ಬಿಡ್ತಾನೇ ಇಲ್ಲ. ಹೆಂಡ್ತಿಗೆ ಗೊತ್ತಾದ್ರೆ ಮುಗೀತು."

ಉರಿಯುವ ಕಿವಿಗೆ 'ಅದು' ಎಂದರೆ ಇನ್ನೊಬ್ಬಳೇ. ಪರದೆ ಸರಿಸಿದಳು.

"ಯಾವುದ್ರೀ ಅದು? ಎಲ್ಲಿರುತ್ತೆ?"

"ಅಯ್ಯೋ, ಯಾರೂ ಇಲ್ಲ ಕಣೇ..."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋಬೇಡಿ. ಹೆಸ್ರು ಹೇಳಿ. ಇಲ್ಲಾಂದ್ರೆ ಇವತ್ತೇ ಅಮ್ಮನ ಮನೆಗೆ ಹೊರಟೆ!"

ಕುರ್ಚಿಯಲ್ಲಿದ್ದ ಅರ್ಧ ನೊರೆಮುಖದ ಗಿರಾಕಿ ಕತ್ತು ಹೊರಳಿಸಿ ನೋಡಿದ. ಕತ್ತರಿಗಳ ಡ್ರಾಯರಿನಿಂದ ಖಾಲಿ ಮಾತ್ರೆಪಟ್ಟಿ ತೆಗೆದು ಗಂಡ ಅವಳ ಕೈಗಿಟ್ಟ.

"ಇದೇ ನಿನ್ನ ಸವತಿ. ಕೂದಲಿನ ಮಾತ್ರೆ. ತಿನ್ನುವಾಗ ಕೈಕೊಡ್ತು, ಬಿಟ್ಟ ಮೇಲೂ ಸರಿಹೋಗ್ಲಿಲ್ಲ. ಡಾಕ್ಟ್ರಿಗೇ ಹೇಳ್ತಿದ್ದೆ."

ಅವಳು ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಇವ್ರ ಗಡ್ಡ ಮುಗ್ಸಿ ಬಾಗಿಲು ಹಾಕಿ. ಡಾಕ್ಟ್ರ ಹತ್ರ ಹೋಗೋಣ."

ಡಾಕ್ಟರು ನಕ್ಕರು. "ಚಿಕ್ಕ ವಯಸ್ಸು. ಎಲ್ಲ ಮನಸ್ಸಿಂದಮ್ಮ."

"ಇರಬಹುದು. ಆದ್ರೆ ಈ ಮಾತ್ರೆಯಿಂದ ಹಿಂಗೂ ಆಗಬಹುದು ಅಂತ ನಿಮಗೆ ಗೊತ್ತಿತ್ತಾ?"

"ಅದು... ಎಲ್ಲೋ ಕೆಲವರಿಗೆ..."

"ಮತ್ತೆ ಬರೆಯೋವಾಗ ಬಾಯಿಗೇನಾಗಿತ್ತು?"

ಬಿಟ್ಟ ಮೇಲೂ ಯಾಕೆ ಉಳಿಯುತ್ತದೆ, ಮಾತ್ರೆಯದೋ ಮನಸ್ಸಿನದೋ, ವೈದ್ಯರಲ್ಲೇ ಒಮ್ಮತವಿಲ್ಲವಂತೆ. ಇರಲಿ. ಒಮ್ಮತ ಬರುವ ತನಕ ಬಾಯಿಗೆ ಬೀಗ ಹಾಕಿರಿ ಎಂದವರು ಯಾರು? ಒಂದು ಮಾತು ಮೊದಲೇ ಹೇಳಿದ್ದರೆ ಆ ಹೆಣ್ಣುಮಗಳು ಬೆವರಂಗಿ ಮೂಸುತ್ತ ಒಳಗೇ ಬೇಯಬೇಕಿತ್ತೇ?

ಈಗ ಗಂಡಹೆಂಡತಿ ಬೇರೆ ಡಾಕ್ಟರನ್ನು ನೋಡುತ್ತಿದ್ದಾರೆ, ಜೊತೆಯಾಗಿ. ಗುಣವಾಯಿತೆಂದು ನಾನು ಸುಳ್ಳು ಹೇಳಲಾರೆ. ತವರಿಗಂತೂ ಅವಳು ಹೋಗಲಿಲ್ಲ. ಗಂಡನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿ, ತಾನೇ ಮೆಷಿನ್ ಹಿಡಿದು ಉಳಿದ ಕೂದಲನ್ನೂ ಬೋಳಿಸಿದಳು.

"ಅಲ್ಲಾಡ್ಬೇಡಿ, ಕಿವಿ ಹೋದೀತು!"

ಅಂಗಿ ಮೂಸುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲವಂತೆ.