ಬಕೆಟ್ಟಿಗಿಳಿದ ಕೃಷ್ಣಕಮಲ

ಭಾಲ್ಕಿಯಲ್ಲಿ ಅವ್ವ ಬೆಳೆಸಿದ್ದ ಕೃಷ್ಣಕಮಲದ ಬಳ್ಳಿ ಒಣಗಿಹೋಗುವ ಮೊದಲು ಒಂದೇ ಹಣ್ಣು ಬಿಟ್ಟಿತ್ತು. ಅದರ ಬೀಜಗಳನ್ನೆಲ್ಲ ಬೀದರಿನ ನಮ್ಮ ಮನೆಯ ಕುಂಡದಲ್ಲಿ ಊರಿದೆ. ತಿಂಗಳಾದರೂ ಒಂದೂ ಮೊಳೆಯಲಿಲ್ಲ.

ಒಂದು ಮಧ್ಯಾಹ್ನ ನೋಡಿದರೆ ಕುಂಡವೇ ನೀರಿನ ಬಕೆಟ್ಟಿನಲ್ಲಿ ಮುಳುಗಿತ್ತು. ಔರಾದ ಕಡೆಯ ನಮ್ಮ ಅತ್ತೆ ಆ ಬಳ್ಳಿಯನ್ನು ಕಂಡವರಲ್ಲ, ಹೆಸರಷ್ಟೇ ಕೇಳಿದ್ದರು.

"ಇದೇನ್ ಮಾಡೀರಿ ಅತ್ತಿ?"

"ಕಮಲ ಅಂತೀ, ಮಣ್ಣಾಗ ಒಣಗಸ್ತೀ. ಕಾನ್ವೆಂಟಿನಾಗ ಇಷ್ಟೂ ಕಲಿಸಲಿಲ್ಲೇನ್?"

ಅಳು ಬಂತು. ಅವರ ಒದ್ದೆ ಸೆರಗು ನೋಡಿ ಕುಂಡವನ್ನಷ್ಟೇ ಎತ್ತಿ ನೀರು ಬಸಿದೆ.

ಎರಡು ವಾರಕ್ಕೆ ಒಂದೇ ಒಂದು ಮೊಳಕೆ ತಲೆ ಎತ್ತಿತು. ಅತ್ತೆಯ ಕೈಹಿಡಿದು ಕರೆತಂದು ತೋರಿಸಿದೆ.

"ನೋಡ್, ನೀರ ಬೇಕಾಗಿತ್ತು ಅದಕ್ಕ."

"ಹೌದ್ರಿ ಅತ್ತಿ," ಎಂದೆ. ಹಬ್ಬಲು ಕಡ್ಡಿ ಊರಿದರೆ ಅದು ನೀರಿನ ಕಮಲವಲ್ಲ, ಬಳ್ಳಿಯೆಂದು ಅವರಿಗೆ ತಿಳಿದುಬಿಡುತ್ತಿತ್ತು. ಅದನ್ನು ಮಾತ್ರ ಕೆಲವು ದಿನ ಮುಂದೂಡಿದೆ.