ಹಾಲುಹಲ್ಲಿನ ಗುರುತಿದ್ದ ಕರಡಿಗೆ

ಸತ್ತವರು ಸೂಚನೆ ಕೊಟ್ಟರು ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಎಸ್ಸೆಸ್ಸೆಲ್ಸಿ ಮುಗಿಸಿ ಬೀದರ್‌ನಿಂದ ಸಿಂಗಾಪುರಕ್ಕೆ ಬಂದು, ಟುವಾಸ್‌ನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ವಯಸ್ಸು ಕಳೆದೆ. ಬಿಗಿದದ್ದು ಯಾಕೆ ಬಿಗಿದಿದೆ, ನೀರು ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವುದೇ ನನ್ನ ಕೆಲಸ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ನಂಬಿದ್ದೆ. ಈಗ ಬರೆಯುತ್ತಿರುವುದಕ್ಕೆ ಮಾತ್ರ ನನಗೆ ಕಾರಣ ಸಿಕ್ಕಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಬಿಡಬೇಕು. ನನ್ನ ಅವ್ವ ಕೊನೆಗಾಲದಲ್ಲಿ ಬುಕಿತ್ ಬಾಟೋಕ್‌ನ ಫ್ಲ್ಯಾಟಿನಲ್ಲಿ ನನ್ನ ಜೊತೆಗಿದ್ದಳು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವಳು. ಬ್ಲಾಕಿನ ಕೆಳಗಿನ ತೆರೆದ ಜಾಗ, ಅಂದರೆ ವಾಯ್ಡ್ ಡೆಕ್ ಪಕ್ಕದ ಗಿಡದಿಂದ ಒಂದು ನಂದಿಬಟ್ಟಲು ಕಿತ್ತು ತಂದು, ನೀರಲ್ಲಿ ಅದ್ದಿ ಏರಿಸುವಳು. ಆಮೇಲೆ ಹೂವಿನ ಸಮೇತ ಲಿಂಗವನ್ನು ಕರಡಿಗೆಯಲ್ಲಿಟ್ಟು ಮುಚ್ಚುವಳು. ಅದು ಅವಳ ರೂಢಿ. ಕರಡಿಗೆಯ ಅಂಚಿನಲ್ಲಿ ಎರಡು ಸಣ್ಣ ತಗ್ಗುಗಳಿದ್ದವು. ನಾನು ಕೂಸಾಗಿದ್ದಾಗ, ಹಲ್ಲು ಬರುವ ಹೊತ್ತಿಗೆ, ಅವಳ ತೊಡೆಯ ಮೇಲೆ ಕೂತು ಕಚ್ಚಿದ ಗುರುತು. "ಶಿವನಿಗೇ ಬಾಯಿ ಹಾಕ್ಯಾನ ನೋಡ್ರಿ ನನ್ನ ಮಗ" ಎಂದು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ನನ್ನನ್ನು ಅವಳು ಕೇಳಿದ್ದು ಒಂದೇ. "ನಾ ಹೋಗೂವಾಗ ಲಿಂಗ ನನ್ನ ಕೈಯಾಗ ಇರಬೇಕು ನೋಡಪ್ಪ." ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಅವರ ಲಿಂಗ ಅವರ ಅಂಗೈಯಲ್ಲೇ ಹೋಗುತ್ತದೆ, ಇನ್ನೊಬ್ಬರು ಅದನ್ನು ಕಟ್ಟಿಕೊಳ್ಳುವಂತಿಲ್ಲ. ಅವ್ವ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನರ್ಸ್ ಕರಡಿಗೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮಣ್ಣಿನ ಏರ್ಪಾಟಿಗೆ ಓಡಾಡುವ ಸಹನೆ ನನಗಿರಲಿಲ್ಲ. ಸುಡುವುದಕ್ಕೇ ಒಪ್ಪಿಕೊಂಡೆ. ಲಿಂಗವನ್ನಾದರೂ ಕೈಯಲ್ಲಿಡಬೇಕಿತ್ತು. ಅವ್ವನ ಶವಪೆಟ್ಟಿಗೆ ಬೆಂಕಿಗೆ ಹೋದ ಮೇಲೆ, ಕರ್ಚೀಫಿಗೆಂದು ಪ್ಯಾಂಟಿನ ಜೇಬಿಗೆ ಕೈ ಹಾಕಿದಾಗ ಕರಡಿಗೆ ತಾಗಿತು.

ಅಂದು ಬೀದರ್‌ನಿಂದ ತಂಗಿ ಫೋನ್ ಮಾಡಿ, "ಅಣ್ಣಾ, ಅವ್ವನ ಕೈಯಾಗ ಲಿಂಗ ಇಟ್ಟಿ ಹೌದಿಲ್ಲೋ?" ಎಂದು ಕೇಳಿದಳು. ಇಟ್ಟೆ ಎಂದೆ. ಕರಡಿಗೆಯನ್ನು ಕಪಾಟಿನ ಡ್ರಾಯರಿನಲ್ಲಿ ಹಿಂದಕ್ಕೆ ತಳ್ಳಿದೆ. ಮುಂದೆ ಮನೆ ಬದಲಿಸುವಾಗ ಹಳೆ ಸಾಮಾನಿನವನು ಆ ಕಪಾಟನ್ನು ಹೊತ್ತುಕೊಂಡು ಹೋದ. ನಾನು ಡ್ರಾಯರ್ ತೆಗೆದು ನೋಡಲಿಲ್ಲ. ಮರೆತಿದ್ದೆನೋ, ಹೋದರೆ ಹೋಗಲಿ ಎಂದು ಸುಮ್ಮನಿದ್ದೆನೋ, ಇಂದಿಗೂ ಹೇಳಲಾರೆ.

ಅವ್ವ ಹೋಗಿ ಹದಿನೈದು ವರ್ಷಗಳಿಗೂ ಮೇಲಾಗಿತ್ತು. ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು. ನಮ್ಮ ಬ್ಲಾಕಿನ ಶ್ರುತಿ ಎಂಬ ಬೆಂಗಳೂರಿನ ಹುಡುಗಿ, ಒನ್-ನಾರ್ತ್ ಎಂಬ ಆಫೀಸುಗಳ ಬಡಾವಣೆಯಲ್ಲಿ ಕೆಲಸ, ಕಾಂಡೋಗೆ ಶಿಫ್ಟ್ ಆಗುವವಳಿದ್ದಳು. ಹಾಲ್‌ನಲ್ಲಿಡಲು ಹಳೆಯ ಬಿದ್ರಿ ಹೂಜಿ ಬೇಕಿತ್ತಂತೆ. "ಅಂಕಲ್, ನೀವು ಬೀದರ್‌ನೋರು. ಒರಿಜಿನಲ್ಲೋ ಡೂಪ್ಲಿಕೇಟೋ ನೋಡಿ ಹೇಳಿ ಸಾಕು, ಬಾರ್ಗೇನ್ ನಾನು ಮಾಡ್ತೀನಿ" ಎಂದು ಒಂದು ಶನಿವಾರ ಮಧ್ಯಾಹ್ನ ಹಳೆಯ ವಸ್ತುಗಳ ಅಂಗಡಿಗೆ ಕರೆದುಕೊಂಡು ಹೋದಳು.

ಪಿಂಗಾಣಿ ಬಟ್ಟಲು, ಎನಾಮಲ್ ಕ್ಯಾರಿಯರ್, ನಿಂತ ಗಡಿಯಾರಗಳ ನಡುವೆ ಹೂಜಿ ಇತ್ತು. ಉಗುರಿನಿಂದ ಕೆರೆದರೆ ಕಪ್ಪು ಬಣ್ಣ ಎದ್ದು ಬಂತು. ಬೇಡ ಎಂದೆ. ತಿರುಗುವಾಗ ಗಾಜಿನ ಕೌಂಟರಿನೊಳಗೆ ಮೊಟ್ಟೆಯಾಕಾರದ ಬೆಳ್ಳಿ ಕಂಡಿತು.

"ಪರ್ಫ್ಯೂಮ್ ಡಬ್ಬಿನಾ ಅಂಕಲ್ ಅದು?" ಎಂದಳು ಶ್ರುತಿ. ಅಂಗಡಿಯ ಮುದುಕ ಅದನ್ನು ಹೊರಗೆ ತೆಗೆದು, "ಕೆನಾಟ್ ಓಪನ್ ಲಾ ಅಂಕಲ್, ಎವ್ರಿಬಡಿ ಟ್ರೈ ಆಲ್ರೆಡಿ" ಎಂದು ನಕ್ಕ.

ಕೈಗೆ ತೆಗೆದುಕೊಂಡೆ. ಹೆಬ್ಬೆರಳು ತಾನಾಗಿಯೇ ಆ ಎರಡು ತಗ್ಗುಗಳ ಮೇಲೆ ಹೋಗಿ ಕೂತಿತು. ನಾನು ಬಲ ಹಾಕಲಿಲ್ಲ, ಆದರೂ ಮುಚ್ಚಳ ಬಿಟ್ಟುಕೊಂಡಿತು. ಒಳಗೆ ಲಿಂಗವಿತ್ತು. ಅದರ ಮೇಲೆ ಒಂದು ನಂದಿಬಟ್ಟಲು ಹೂವು. ಒಣಗಿದ್ದಲ್ಲ. ಈಗ ತಾನೇ ನೀರಲ್ಲಿ ಅದ್ದಿ ಇಟ್ಟಂತೆ ಬೆಳ್ಳಗೆ, ಒದ್ದೆಯಾಗಿತ್ತು. ನಾನು ಹೆದರಿ ಒತ್ತಿ ಮುಚ್ಚಿಬಿಟ್ಟೆ.

ಶ್ರುತಿ ಹೂಜಿಯ ಫೋಟೊ ತೆಗೆಯುತ್ತಿದ್ದಳು, ಏನೂ ನೋಡಿರಲಿಲ್ಲ. ಮುದುಕ ಮಾತ್ರ ಗಾಜಿನ ಮೇಲೆ ಬಿದ್ದಿದ್ದ ನೀರಿನ ಹನಿಗಳನ್ನು ಬಟ್ಟೆಯಿಂದ ಒರೆಸಿ, ಸೋರಿದ್ದು ಎಲ್ಲಿಂದ ಎಂದು ಚಾವಣಿ ನೋಡಿದ. ನಾನೂ ನೋಡಿದೆ. ಮೇಲೆ ಪೈಪಾಗಲಿ, ಏಸಿಯಾಗಲಿ ಇರಲಿಲ್ಲ.

ಅವನು ಕೇಳಿದ್ದನ್ನು ಕೊಟ್ಟು ಕರಡಿಗೆಯನ್ನು ಮನೆಗೆ ತಂದೆ. ಅಂದಿನಿಂದ ಅದು ತೆರೆದಿಲ್ಲ. ಎಣ್ಣೆ ಬಿಟ್ಟೆ, ಬಿಸಿನೀರಿನಲ್ಲಿಟ್ಟೆ, ಕಲಿತ ವಿದ್ಯೆಯನ್ನೆಲ್ಲ ಉಪಯೋಗಿಸಿದೆ. ಲಿಟಲ್ ಇಂಡಿಯಾದ ಅಕ್ಕಸಾಲಿಗ, ಕತ್ತರಿಸಿದರಷ್ಟೇ ಸಾಧ್ಯ ಎಂದ. ಅವ್ವನ ಕೊರಳಲ್ಲಿದ್ದುದನ್ನು ಕತ್ತರಿಸಲು ನನಗೆ ಧೈರ್ಯ ಬರಲಿಲ್ಲ. ಶ್ರುತಿಗೆ ಹೇಳಿದಾಗ, "ಬಿಸಿಲಲ್ಲಿ ಕರ್ಕೊಂಡೋಗಿ ಸುಸ್ತು ಮಾಡಿಬಿಟ್ಟೆ ಅನ್ಸುತ್ತೆ ಅಂಕಲ್" ಎಂದು ಪಾಪ ತನ್ನನ್ನೇ ಬೈದುಕೊಂಡಳು. ಇರಬಹುದು. ಆದರೆ ಆ ಹನಿಗಳನ್ನು ಒರೆಸಿದ್ದು ನಾನಲ್ಲ.

ತಂಗಿ ಈಗಲೂ ಅವ್ವನ ಪುಣ್ಯತಿಥಿಗೆ ಫೋನ್ ಮಾಡುತ್ತಾಳೆ. "ನೀ ಲಿಂಗ ಕೈಯಾಗ ಇಟ್ಟು ಕಳಿಸಿದಿ, ಅಷ್ಟ ಸಾಕು ನನಗ" ಎನ್ನುತ್ತಾಳೆ. ನಾನು ಹೂಂ ಎನ್ನುತ್ತೇನೆ. ಹಾಗೆನ್ನುವಾಗ ಕರಡಿಗೆ ನನ್ನ ಇನ್ನೊಂದು ಕೈಯಲ್ಲಿರುತ್ತದೆ.

ಅಂದು ಅದು ನನಗೆ ಯಾಕೆ ತೆರೆಯಿತು, ಯಾಕೆ ಮತ್ತೆ ತೆರೆಯುತ್ತಿಲ್ಲ, ತಿಳಿಯದು. ದಿನಾ ಬೆಳಿಗ್ಗೆ ಸ್ನಾನವಾದ ಮೇಲೆ ಆ ತಗ್ಗುಗಳ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ತಿರುಗಿಸಿ ನೋಡುತ್ತೇನೆ. ತೆರೆದರೂ ಲಿಂಗವನ್ನಿಡಬೇಕಾದ ಕೈ ಈಗ ಇಲ್ಲ.